ಮದ್ದಿನ ಜೊತೆ ಕಾವು

ಕ್ಯಾನ್ಸರ್ ಗೆಡ್ಡೆ ಇರುವ ಭಾಗವನ್ನು 40ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಒಂದು ಗಂಟೆಯಷ್ಟು ಹೊತ್ತು ಆ ಕಾವನ್ನು ಇಳಿಯಗೊಡದೆ ಹಿಡಿದಿಟ್ಟು, ಅದೇ ಹೊತ್ತಿನಲ್ಲಿ ಕೀಮೋಥೆರಪಿ ಔಷಧ ಕೊಡುವುದು ಉಷ್ಣ-ಕೀಮೋಥೆರಪಿ. ಕಾಯಿಸುವ ಕ್ರಿಯೆಗೆ ವೈದ್ಯರು ಹೈಪರ್‌ಥರ್ಮಿಯಾ ಎನ್ನುತ್ತಾರೆ. ಸೂಜಿಯ ತುದಿಯಿಂದ 60 ಡಿಗ್ರಿಗೂ ಮೀರಿದ ಶಾಖ ಹರಿಸಿ ಗೆಡ್ಡೆಯನ್ನು ಸುಟ್ಟುಹಾಕುವ ಅಬ್ಲೇಷನ್ ಬೇರೆಯೇ ವಿಧಾನ. ಅಲ್ಲಿ ಕೊಲ್ಲುವುದು ಶಾಖವೇ. ಇಲ್ಲಿ ಕೊಲ್ಲುವ ಕೆಲಸ ಬಹುಪಾಲು ಔಷಧದ್ದು. ಕಾವು ಅದರ ಕೈಯನ್ನು ಬಲಪಡಿಸುತ್ತದೆ.

ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ. ಕುದಿಯುವ ನೀರು ಎಲೆಯ ಕೋಶಗಳನ್ನು ಒಡೆದು ಒಳಗಿನದನ್ನೆಲ್ಲ ಹೊರಗೆಳೆಯುತ್ತದೆ. 42 ಡಿಗ್ರಿಯ ಕೆಲಸ ಅಷ್ಟು ಒರಟಲ್ಲ. ಜೋರು ಜ್ವರಕ್ಕಿಂತ ಒಂದೆರಡು ಡಿಗ್ರಿಯಷ್ಟೇ ಹೆಚ್ಚಾದ ಈ ಬಿಸಿಯಲ್ಲಿ ಕೋಶ ಒಡೆಯುವುದಿಲ್ಲ. ಅದರ ಒಳಗಿನ ದುರಸ್ತಿ ವ್ಯವಸ್ಥೆ ತಡವರಿಸುತ್ತದೆ, ಪೊರೆ ಸಡಿಲವಾಗುತ್ತದೆ, ಸುತ್ತ ಹರಿಯುವ ರಕ್ತದ ವೇಗ ಬದಲಾಗುತ್ತದೆ. ಎರಡು ಡಿಗ್ರಿ ಕಡಿಮೆಯಾದರೆ ಪರಿಣಾಮ ಬಹಳ ತಗ್ಗುತ್ತದೆ, ಎರಡು ಡಿಗ್ರಿ ಹೆಚ್ಚಾದರೆ ಪಕ್ಕದ ಆರೋಗ್ಯವಂತ ಅಂಗಾಂಶಕ್ಕೇ ಗಾಯ. ಈ ಚಿಕಿತ್ಸೆಯ ಏಳುಬೀಳುಗಳೆಲ್ಲ ಈ ಇಕ್ಕಟ್ಟಾದ ಅಂತರದೊಳಗೇ ನಡೆದಿವೆ.

ಜ್ವರಕ್ಕೂ ಗೆಡ್ಡೆಗೂ ಏನೋ ನಂಟಿದೆ ಎಂಬ ಸಂಶಯ ಹಳೆಯದು. 1866ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕಾರ್ಲ್ ಬುಶ್ ಎಂಬ ವೈದ್ಯ, ಮುಖದ ಮೇಲಿನ ಸಾರ್ಕೋಮಾ ಗೆಡ್ಡೆಯೊಂದು ಎರಿಸಿಪೆಲಾಸ್ ಸೋಂಕಿನ ಜೋರು ಜ್ವರದ ಬಳಿಕ ಕರಗಿದ್ದನ್ನು ವರದಿ ಮಾಡಿದ. 1890ರ ದಶಕದಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಬ್ಯಾಕ್ಟೀರಿಯಾದ ವಿಷಾಂಶಗಳನ್ನು ಚುಚ್ಚಿ ಬೇಕೆಂದೇ ಜ್ವರ ಬರಿಸಿದ. 1898ರಲ್ಲಿ ಸ್ವೀಡನ್ನಿನ ವೆಸ್ಟರ್‌ಮಾರ್ಕ್ ಗರ್ಭಕೊರಳಿನ ಕ್ಯಾನ್ಸರಿಗೆ ಬಿಸಿನೀರು ಹರಿಯುವ ಸುರುಳಿ ಇಟ್ಟು ನೋಡಿದ. ಜ್ವರವನ್ನೇ ಔಷಧವಾಗಿ ಬಳಸಿ ನೊಬೆಲ್ ಪಡೆದವನೂ ಉಂಟು: ವಿಯೆನ್ನಾದ ವಾಗ್ನರ್-ಯಾರೆಗ್, ಮೆದುಳಿಗೆ ಏರಿದ ಸಿಫಿಲಿಸ್ ರೋಗಿಗಳಿಗೆ ಮಲೇರಿಯಾ ಹತ್ತಿಸಿದ್ದಕ್ಕಾಗಿ 1927ರಲ್ಲಿ. ಮಲೇರಿಯಾಕ್ಕೆ ಹೆದರಿ ಜನ ಕಾಲಿಡಲು ಹಿಂಜರಿಯುತ್ತಿದ್ದ ಮಲೆನಾಡು, ಕೊಡಗಿನ ಕಡೆಯವರಿಗೆ ಅದೇ ಜ್ವರ ಮದ್ದೆಂದು ಮಾನ್ಯವಾದದ್ದು ವಿಚಿತ್ರವೆನಿಸೀತು. ಬುಶ್‌ನ ರೋಗಿಯಲ್ಲಾಗಲಿ ಕೋಲಿಯ ರೋಗಿಗಳಲ್ಲಾಗಲಿ ಗೆಡ್ಡೆ ಕರಗಿಸಿದ್ದು ಕಾವೋ, ಸೋಂಕಿನಿಂದ ಎಚ್ಚೆತ್ತ ರೋಗನಿರೋಧಕ ಶಕ್ತಿಯೋ ಎಂಬುದನ್ನು ಬೇರ್ಪಡಿಸುವುದು ಕಷ್ಟ. ಕೋಲಿಯನ್ನು ಇಂದು ಇಮ್ಯುನೋಥೆರಪಿಯವರು ತಮ್ಮ ಮೂಲಪುರುಷ ಎನ್ನುತ್ತಾರೆ, ಹೈಪರ್‌ಥರ್ಮಿಯಾದವರೂ ತಮ್ಮವನೆನ್ನುತ್ತಾರೆ.

ಕಾವಿಗೆ ಗೆಡ್ಡೆಯೇ ಹೆಚ್ಚು ಬಗ್ಗುವುದೇಕೆ? ಪ್ರಯೋಗಾಲಯದ ತಟ್ಟೆಯಲ್ಲಿ ಸಾಕಿದ ಕ್ಯಾನ್ಸರ್ ಕೋಶ, ಆರೋಗ್ಯವಂತ ಕೋಶಕ್ಕಿಂತ ಕಾವಿಗೆ ಯಾವಾಗಲೂ ಬೇಗ ಸಾಯುತ್ತದೆ ಎಂದೇನಿಲ್ಲ. ವ್ಯತ್ಯಾಸ ಇರುವುದು ಕೋಶ ಬದುಕುವ ಜಾಗದಲ್ಲಿ. ಗೆಡ್ಡೆ ಅವಸರದಲ್ಲಿ ಕಟ್ಟಿಕೊಂಡ ರಕ್ತನಾಳಗಳು ಅಂಕುಡೊಂಕು. ಕೆಲವು ಎಲ್ಲಿಗೂ ತಲುಪದೆ ನಿಂತುಹೋಗುತ್ತವೆ. ಹಾಗಾಗಿ ಗೆಡ್ಡೆಯ ನಡುಭಾಗಕ್ಕೆ ಆಮ್ಲಜನಕ ಸಾಲದು, ಸಕ್ಕರೆಯನ್ನು ಅರೆಬರೆ ಉರಿಸಿದ ಆಮ್ಲ ಅಲ್ಲೇ ತುಂಬಿಕೊಳ್ಳುತ್ತದೆ. ಹಸಿದ, ಹುಳಿಯಾದ ಇಂಥ ಜಾಗದ ಕೋಶ ಕಾವನ್ನು ತಾಳಲಾರದು. ಆರೋಗ್ಯವಂತ ಚರ್ಮ, ಸ್ನಾಯುಗಳನ್ನು ಕಾಯಿಸಿದರೆ ರಕ್ತನಾಳ ಹಿಗ್ಗಿ, ಹರಿವು ಹಲವು ಪಟ್ಟು ಏರಿ, ಬಿಸಿಯನ್ನು ಹೊತ್ತೊಯ್ಯುತ್ತದೆ. ಗೆಡ್ಡೆಯ ನಾಳಗಳಿಗೆ ಅಷ್ಟು ಹಿಗ್ಗುವ ತಾಕತ್ತಿಲ್ಲವಾದ್ದರಿಂದ ಬಿಸಿ ಅಲ್ಲೇ ನಿಲ್ಲುತ್ತದೆ. ಕೀಮೋಥೆರಪಿಗೂ ವಿಕಿರಣಕ್ಕೂ ಜಗ್ಗದ ಭಾಗವೆಂದರೆ ಆಮ್ಲಜನಕ ಕಡಿಮೆಯಿರುವ ಇದೇ ನಡುಭಾಗ. ಅವೆರಡೂ ಸೋಲುವ ಜಾಗದಲ್ಲಿ ಕಾವು ಗೆಲ್ಲುತ್ತದೆ ಎಂಬುದೇ ಈ ಜೋಡಣೆಯ ಹಿಂದಿನ ಮೊದಲ ತರ್ಕ.

ಕಾವಿನ ಮಟ್ಟಕ್ಕೆ ತಕ್ಕಂತೆ ಪರಿಣಾಮವೂ ತಿರುವು ಪಡೆಯುತ್ತದೆ. 39ರಿಂದ 42 ಡಿಗ್ರಿಯವರೆಗೆ ಗೆಡ್ಡೆಗೆ ರಕ್ತದ ಹರಿವು ಸ್ವಲ್ಪ ಹೆಚ್ಚುತ್ತದೆ. ರಕ್ತದ ಜೊತೆ ಔಷಧವೂ ಆಮ್ಲಜನಕವೂ ಹೆಚ್ಚಾಗಿ ಒಳಸೇರುತ್ತವೆ. 43 ದಾಟಿ ಬಹಳ ಹೊತ್ತು ಕಾಯಿಸಿದರೆ ಆ ನಾಜೂಕು ನಾಳಗಳೇ ಕುಸಿಯುತ್ತವೆ. ಕೋಶಗಳು ಉಪವಾಸ ಬೀಳುತ್ತವೆ ನಿಜ, ಆದರೆ ಔಷಧ ಬರುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಔಷಧದ ಜೊತೆ ಕೊಡುವಾಗ ಅತಿ ಬಿಸಿ ಲಾಭವಲ್ಲ.

ಕೋಶದ ಒಳಗೆ ಕಾವಿನ ಮೊದಲ ಬಲಿ ಪ್ರೋಟೀನ್‌ಗಳು. ಮಡಿಕೆ ಬಿಚ್ಚಿಕೊಂಡ ಪ್ರೋಟೀನ್‌ಗಳು ಕೋಶಕೇಂದ್ರದಲ್ಲಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಡಿಎನ್‌ಎ ದುರಸ್ತಿಯ ಕೆಲಸ ನಿಲ್ಲುತ್ತದೆ. 2011ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದರ ಒಂದು ಎಳೆಯನ್ನು ಸ್ಪಷ್ಟವಾಗಿ ಬಿಡಿಸಿ ತೋರಿಸಿದರು: 41ರಿಂದ 42.5 ಡಿಗ್ರಿಯ ಸೌಮ್ಯ ಕಾವಿನಲ್ಲಿ ಬಿಆರ್‌ಸಿಎ2 ಎಂಬ ಪ್ರೋಟೀನ್ ನಾಶವಾಗುತ್ತದೆ, ಡಿಎನ್‌ಎಯ ಎರಡೂ ಎಳೆ ತುಂಡಾದಾಗ ನಡೆಯಬೇಕಾದ ಕರಾರುವಾಕ್ಕು ದುರಸ್ತಿ ಕೆಲವು ಗಂಟೆಗಳ ಕಾಲ ನಡೆಯುವುದೇ ಇಲ್ಲ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರುವ ಹಲವು ಮನೆತನಗಳಲ್ಲಿ ಕೆಟ್ಟಿರುವುದು ಇದೇ ಬಿಆರ್‌ಸಿಎ2 ಜೀನ್. ಅಂಥ ಗೆಡ್ಡೆಗಳು ಪ್ಲಾಟಿನಂ ಔಷಧಗಳಿಗೆ ಬೇಗ ಮಣಿಯುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಕಾವು ಒಂದು ಲೆಕ್ಕದಲ್ಲಿ ಯಾವ ಗೆಡ್ಡೆಯನ್ನಾದರೂ ಕೆಲವು ಗಂಟೆಗಳ ಮಟ್ಟಿಗೆ ಆ ದುರ್ಬಲ ಸ್ಥಿತಿಗೆ ತಳ್ಳುತ್ತದೆ.

ಕೋಶವೂ ಸುಮ್ಮನೆ ಕೂರುವುದಿಲ್ಲ. 1962ರಲ್ಲಿ ಇಟಲಿಯ ಫೆರುಚಿಯೊ ರಿಟೋಸಾ ಹಣ್ಣಿನ ನೊಣದ ಮರಿಗಳನ್ನು ಇಟ್ಟಿದ್ದ ಪೆಟ್ಟಿಗೆಯ ಕಾವು ಅಕಸ್ಮಾತ್ತಾಗಿ ಏರಿದಾಗ ಅವುಗಳ ಕ್ರೋಮೋಸೋಮ್‌ಗಳ ಮೇಲೆ ಹೊಸ ಉಬ್ಬುಗಳೆದ್ದದ್ದನ್ನು ಕಂಡ. ಶಾಖ-ಆಘಾತ ಪ್ರೋಟೀನ್‌ಗಳ ಕಥೆ ಅಲ್ಲಿಂದ ಶುರು. ಬಿಚ್ಚಿಹೋದ ಪ್ರೋಟೀನ್‌ಗಳನ್ನು ಮತ್ತೆ ಮಡಿಸುವ ಈ ಪರಿಚಾರಕರು ತುಂಬಿಕೊಂಡ ಮೇಲೆ ಕೋಶ ಎರಡು-ಮೂರು ದಿನ ಕಾವಿಗೆ ಬಗ್ಗುವುದಿಲ್ಲ. ಉಷ್ಣಸಹಿಷ್ಣುತೆ ಎಂಬ ಈ ಸ್ಥಿತಿ ಇಳಿಯಲು 48ರಿಂದ 72 ಗಂಟೆ ಬೇಕು. ಹೈಪರ್‌ಥರ್ಮಿಯಾವನ್ನು ವಿಕಿರಣದಂತೆ ದಿನಾ ಕೊಡದೆ ವಾರಕ್ಕೆ ಒಂದೋ ಎರಡೋ ಸಲ ಮಾತ್ರ ಕೊಡುವುದು ಇದೇ ಕಾರಣಕ್ಕೆ.

ಎಷ್ಟು ಕಾವು, ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ 1984ರಲ್ಲಿ ಸಪರೇಟೊ ಮತ್ತು ಡ್ಯೂಯಿ ಒಂದು ಅಳತೆ ಕೊಟ್ಟರು. 43 ಡಿಗ್ರಿಯನ್ನು ಮಟ್ಟವಾಗಿಟ್ಟುಕೊಂಡರೆ, ಒಂದು ಡಿಗ್ರಿ ಏರಿದಾಗ ಬೇಕಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ಒಂದು ಡಿಗ್ರಿ ಇಳಿದರೆ ನಾಲ್ಕು ಪಟ್ಟಾಗುತ್ತದೆ. 43 ಡಿಗ್ರಿಯಲ್ಲಿ 60 ನಿಮಿಷ, 44ರಲ್ಲಿ 30 ನಿಮಿಷ, 42ರಲ್ಲಿ 240 ನಿಮಿಷ, ಮೂರೂ ಸಮ. ಕಾಫಿಬೀಜ ಹುರಿದು ಗೊತ್ತಿರುವ ಕೊಡಗಿನವರಿಗೆ ಇದು ಹೊಸ ವಿಚಾರವಲ್ಲ: ಉರಿ ಕೊಂಚ ಏರಿದರೆ ಹೊತ್ತು ಎಷ್ಟೋ ಕಡಿಮೆಯಾಗುತ್ತದೆ, ಕೈ ತಪ್ಪುವ ಸಾಧ್ಯತೆಯೂ ಅಷ್ಟೇ ಹೆಚ್ಚುತ್ತದೆ.

ಎಲ್ಲ ಕೀಮೋ ಔಷಧಗಳೂ ಕಾವಿನ ಜೊತೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಡಿಎನ್‌ಎಗೆ ನೇರವಾಗಿ ಅಂಟಿಕೊಳ್ಳುವ ಔಷಧಗಳು, ಅಂದರೆ ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್, ಮೆಲ್ಫಲಾನ್, ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್, ಕಾವು 40 ಡಿಗ್ರಿ ದಾಟುತ್ತಿದ್ದಂತೆ ಏಣಿಯ ಮೆಟ್ಟಿಲು ಹತ್ತಿದಂತೆ ಬಲಗೊಳ್ಳುತ್ತಾ ಹೋಗುತ್ತವೆ. ಬಿಸಿಯಲ್ಲಿ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುತ್ತದೆ, ಸಡಿಲವಾದ ಪೊರೆ ದಾಟಿ ಔಷಧ ಹೆಚ್ಚು ಒಳಬರುತ್ತದೆ, ಅದು ಮಾಡಿದ ಗಾಯವನ್ನು ಸರಿಪಡಿಸುವವರೂ ಆಗ ಇರುವುದಿಲ್ಲ. ಡಾಕ್ಸೊರುಬಿಸಿನ್ ಮತ್ತು ಬ್ಲಿಯೋಮೈಸಿನ್‌ಗಳದು ಹೊಸ್ತಿಲಿನ ಸ್ವಭಾವ, ಸುಮಾರು 42.5 ಡಿಗ್ರಿಯ ಕೆಳಗೆ ಹೆಚ್ಚೇನೂ ಆಗದು, ಅದನ್ನು ದಾಟಿದೊಡನೆ ಪರಿಣಾಮ ಜಿಗಿಯುತ್ತದೆ. 5-ಫ್ಲೂರೋಯುರಾಸಿಲ್, ಮೆಥೊಟ್ರೆಕ್ಸೇಟ್, ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್, ಯೂ ಮರದ ಟ್ಯಾಕ್ಸಾಲ್ ಬಳಗ, ಇವುಗಳಿಗೆ ಕಾವಿನಿಂದ ಆಗುವ ಲಾಭ ಅತ್ಯಲ್ಪ. ಜೆಮ್‌ಸಿಟಬಿನ್ ಇನ್ನೂ ಹಟಮಾರಿ: ಕಾವಿನ ಜೊತೆಗೇ ಕೊಟ್ಟರೆ ಪ್ರಯೋಜನ ಕಡಿಮೆ, ಒಂದು ದಿನದ ಅಂತರ ಬಿಟ್ಟರೆ ಹೆಚ್ಚು. ಈ ಸ್ವಭಾವಗಳನ್ನು ತಿಳಿಯದೆ ಸಿಕ್ಕ ಔಷಧವನ್ನು ಕಾಯಿಸಿ ಕೊಟ್ಟ ಹಲವು ಹಳೆಯ ಪ್ರಯೋಗಗಳು ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಕಾವಿನ ಜೊತೆ ಕೊಟ್ಟು ನೋಡಿದ ಔಷಧಗಳಲ್ಲಿ ಪಶ್ಚಿಮಘಟ್ಟದ ಕಾಡಿಗೆ ಸೇರಿದ ಒಂದು ಹೆಸರೂ ಇದೆ. ಕೊಡಗಿನಿಂದ ಮಹಾರಾಷ್ಟ್ರದವರೆಗೆ ಘಟ್ಟದ ಕಾಡುಗಳಲ್ಲಿ ಬೆಳೆಯುವ ನೋಥಾಪೊಡೈಟಿಸ್ ನಿಮ್ಮೋನಿಯಾನಾ ಎಂಬ ಸಣ್ಣ ಮರದ ಹೂವಿನ ವಾಸನೆ ಮೂಗು ಮುಚ್ಚಿಸುವಂಥದು. ಕನ್ನಡದಲ್ಲಿ ದುರ್ವಾಸನೆ ಮರ ಎಂಬ ಹೆಸರೇ ಬಿದ್ದಿದೆ. ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಚೀನಾದ ಮರವೊಂದರಿಂದ ಕ್ಯಾಂಪ್ಟೋಥೆಸಿನ್ ಎಂಬ ಕ್ಯಾನ್ಸರ್-ನಿರೋಧಕ ವಸ್ತುವನ್ನು ಬೇರ್ಪಡಿಸಿದ್ದರು. ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆ ಎಂದು 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿದರು. ಇದರಿಂದ ರೂಪುಗೊಂಡ ಇರಿನೋಟೆಕಾನ್, ಟೋಪೊಟೆಕಾನ್ ಇಂದು ಕರುಳು, ಅಂಡಾಶಯ, ಶ್ವಾಸಕೋಶದ ಕ್ಯಾನ್ಸರುಗಳಿಗೆ ದಿನಬಳಕೆಯ ಔಷಧಗಳು. ಬೇಡಿಕೆ ಏರಿದಂತೆ ಮರಗಳನ್ನು ಬುಡಸಹಿತ ಕಿತ್ತು ಸಾಗಿಸುವುದೂ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಅಲೆದು, ಯಾವ ಕಾಡಿನ ಮರದಲ್ಲಿ ಎಷ್ಟು ಕ್ಯಾಂಪ್ಟೋಥೆಸಿನ್ ಇದೆ ಎಂದು ಅಳೆದಿದ್ದಾರೆ. ಫ್ರಾನ್ಸಿನ ಶಸ್ತ್ರವೈದ್ಯರು ಇರಿನೋಟೆಕಾನನ್ನು ಆಕ್ಸಾಲಿಪ್ಲಾಟಿನ್ ಜೊತೆ ಬೆರೆಸಿ, ಬಿಸಿಮಾಡಿ ಹೊಟ್ಟೆಯೊಳಗೆ ಹರಿಸಿ ನೋಡಿದರು. ತೊಂದರೆಗಳು ಹೆಚ್ಚಿದವು, ಆಯುಷ್ಯ ಹೆಚ್ಚಲಿಲ್ಲ. ಇರಿನೋಟೆಕಾನ್ ದೇಹದೊಳಗೆ, ಮುಖ್ಯವಾಗಿ ಪಿತ್ತಜನಕಾಂಗದಲ್ಲಿ, ರೂಪ ಬದಲಿಸಿದ ಮೇಲೆಯೇ ಪೂರ್ಣ ಬಲ ಪಡೆಯುವ ಔಷಧ; ಇದ್ದಲ್ಲೇ ಕೆಲಸ ಮುಗಿಸಬೇಕಾದ ಚಿಕಿತ್ಸೆಗೆ ಅದು ಅಷ್ಟಾಗಿ ಒಗ್ಗುವಂಥದಲ್ಲ.

ಕರ್ನಾಟಕದ ಇನ್ನೊಂದು ಗಿಡ ಪ್ರಯೋಗಾಲಯದವರೆಗೆ ಬಂದು ಅಲ್ಲೇ ನಿಂತಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಲ್ಲಿ ಅಶ್ವಗಂಧದ ಬೇರನ್ನೂ ಅದರಿಂದ ಬೇರ್ಪಡಿಸಿದ ವಿಥಾಫೆರಿನ್-ಎ ಎಂಬ ವಸ್ತುವನ್ನೂ ಇಲಿಗಳ ಗೆಡ್ಡೆಗಳ ಮೇಲೆ ಪರೀಕ್ಷಿಸಿದರು. ವಿಥಾಫೆರಿನ್-ಎ, ವಿಕಿರಣ, ಕಾವು ಮೂರನ್ನೂ ಕೂಡಿಸಿದರೆ ಫೈಬ್ರೋಸಾರ್ಕೋಮಾ ಮತ್ತು ಮೆಲನೋಮಾ ಗೆಡ್ಡೆಗಳು ಒಂದೊಂದೇ ಕೊಟ್ಟಾಗಿನದಕ್ಕಿಂತ ಹೆಚ್ಚು ಕುಗ್ಗುತ್ತವೆ ಎಂಬ ಅವರ ವರದಿ 2003ರಲ್ಲಿ ಪ್ರಕಟವಾಯಿತು. ಇಲಿಯ ಗೆಡ್ಡೆ ಚರ್ಮದಡಿ ಬೆಳೆದದ್ದು, ಕಾಲನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಳಿಸಿದರೆ ಕಾಯುತ್ತದೆ. ಮನುಷ್ಯನ ಹೊಟ್ಟೆಯಾಳದ ಗೆಡ್ಡೆಯ ವಿಷಯ ಹಾಗಲ್ಲ.

ಆಳದ ಗೆಡ್ಡೆಯನ್ನು ಕಾಯಿಸುವುದೇ ಈ ಶಾಸ್ತ್ರದ ದೊಡ್ಡ ತೊಡಕು. ಸೂಕ್ಷ್ಮತರಂಗಗಳಿಂದ ಚರ್ಮದ ಕೆಳಗೆ ಮೂರು-ನಾಲ್ಕು ಸೆಂಟಿಮೀಟರ್‌ವರೆಗೆ ಕಾವು ತಲುಪಿಸಬಹುದು. ಎದೆಗೋಡೆ, ಕುತ್ತಿಗೆಯ ಗಂಟುಗಳಿಗೆ ಅಷ್ಟು ಸಾಕು. ಇನ್ನೂ ಆಳಕ್ಕೆ ಸೊಂಟದ ಸುತ್ತ ಉಂಗುರದಂತೆ ಜೋಡಿಸಿದ ಆಂಟೆನಾಗಳಿಂದ ರೇಡಿಯೋ ಅಲೆಗಳನ್ನು ಹರಿಸಿ, ಅವು ಗೆಡ್ಡೆಯಲ್ಲೇ ಸಂಧಿಸುವಂತೆ ಹೊಂದಿಸುತ್ತಾರೆ. ಜಪಾನಿನಲ್ಲಿ ಬೆಳೆದ 8 ಮೆಗಾಹರ್ಟ್ಸ್ ಯಂತ್ರದಲ್ಲಿ ರೋಗಿ ಎರಡು ತಟ್ಟೆಗಳ ನಡುವೆ ಮಲಗಬೇಕು. ದಪ್ಪ ಮೈಯವರಲ್ಲಿ ಗೆಡ್ಡೆಗಿಂತ ಮೊದಲು ಕೊಬ್ಬೇ ಕಾದುಬಿಡುತ್ತದೆ. ದೊಡ್ಡ ರಕ್ತನಾಳದ ಪಕ್ಕದ ಗೆಡ್ಡೆ ಹರಿಯುವ ನೀರಿನ ದಡದ ಕಲ್ಲಿನಂತೆ ತಣ್ಣಗೇ ಉಳಿಯುತ್ತದೆ. ಇಡೀ ಗೆಡ್ಡೆಗೆ 42 ಡಿಗ್ರಿ ಸಿಕ್ಕಿತೇ ಎಂದು ತಿಳಿಯಲು ಕಾವು ಅಳೆಯುವ ತಂತಿಗಳನ್ನು ಒಳಗೆ ಚುಚ್ಚಬೇಕು, ಇಲ್ಲವೇ ಎಂಆರ್‌ಐ ಯಂತ್ರದಲ್ಲಿ ನೋಡುತ್ತಿರಬೇಕು. ಅಳೆಯದೆ ಕೊಟ್ಟ ಕಾವಿಗೆ ಲೆಕ್ಕವಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಬಹುಕಾಲ ದುಡಿದವರಲ್ಲಿ ಮುಂಬಯಿಯ ನಾನಾವತಿ ಆಸ್ಪತ್ರೆಯ ನಾಗರಾಜ ಹುಯಿಲಗೋಳ ಒಬ್ಬರು. ಗದಗ ಸೀಮೆಯ ಊರೊಂದು ಅವರ ಹೆಸರಿನಲ್ಲೇ ಇದೆ. ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರುಗಳಲ್ಲಿ ವಿಕಿರಣ ಮಾತ್ರ ಕೊಟ್ಟ ಗುಂಪಿಗೂ ವಿಕಿರಣದ ಜೊತೆ ಕಾವು ಕೊಟ್ಟ ಗುಂಪಿಗೂ ಹೋಲಿಸಿದ ಅವರ ತಂಡದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗೆಡ್ಡೆ ಪೂರ್ತಿ ಕಣ್ಮರೆಯಾದವರು ಮೊದಲ ಗುಂಪಿನಲ್ಲಿ ಶೇ 42.4, ಎರಡನೆಯದರಲ್ಲಿ ಶೇ 78.6. ಅಧ್ಯಯನದ ಗಾತ್ರ ಚಿಕ್ಕದು, ಔಷಧದ ಬದಲು ವಿಕಿರಣದ್ದು ಎಂಬುದೂ ನಿಜ. ಆದರೂ ಎಲೆ-ಅಡಿಕೆ, ಹೊಗೆಸೊಪ್ಪಿನ ನಾಡಿಗೆ ತಲೆ-ಕುತ್ತಿಗೆಯ ಈ ಫಲಿತಾಂಶ ಹತ್ತಿರದ್ದು.

ಔಷಧ ಮತ್ತು ಕಾವನ್ನು ಜೋಡಿಸಿದ ಮೊದಲ ಶಸ್ತ್ರವೈದ್ಯರು ಆರಿಸಿಕೊಂಡದ್ದು ಕೈಕಾಲುಗಳನ್ನು. ತೊಡೆಯಲ್ಲೋ ತೋಳಿನಲ್ಲೋ ಮೆಲನೋಮಾ ಹರಡಿದಾಗ ಆ ಅವಯವದ ರಕ್ತಸಂಚಾರವನ್ನು ದೇಹದಿಂದ ಬೇರ್ಪಡಿಸಿ, ಯಂತ್ರವೊಂದರ ಮೂಲಕ ಮೆಲ್ಫಲಾನ್ ಬೆರೆತ ರಕ್ತವನ್ನು ಅಲ್ಲಿ ಮಾತ್ರ ಸುತ್ತಿಸುವ ವಿಧಾನವನ್ನು 1957ರಲ್ಲಿ ನ್ಯೂ ಆರ್ಲಿಯನ್ಸ್‌ನ ಕ್ರೀಚ್ ಮತ್ತು ಸಂಗಡಿಗರು ಶುರು ಮಾಡಿದರು. ಇಡೀ ದೇಹಕ್ಕೆ ಕೊಡಲಾಗದಷ್ಟು ಔಷಧವನ್ನು ಒಂದು ಕಾಲಿಗೆ ಕೊಡಬಹುದಿತ್ತು. 1960ರ ದಶಕದ ಕೊನೆಗೆ ಹ್ಯೂಸ್ಟನ್‌ನ ಸ್ಟೆಹ್ಲಿನ್ ಆ ರಕ್ತವನ್ನೂ ಕಾಯಿಸಿದ. ಕಾಲು ಕತ್ತರಿಸುವುದನ್ನು ತಪ್ಪಿಸುವ ದಾರಿಯಾಗಿ ಈ ವಿಧಾನ ಇಂದಿಗೂ ಕೆಲವು ದೊಡ್ಡ ಕೇಂದ್ರಗಳಲ್ಲಿದೆ.

ಇಂದು ಹೆಚ್ಚು ಹೆಸರಾಗಿರುವುದು ಹೊಟ್ಟೆಯೊಳಗಿನ ಬಿಸಿ ಕೀಮೋ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಹೈಪೆಕ್ ಎಂಬ ಪದವಾಗಿದೆ; ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರ ಬಾಯಲ್ಲೂ ಅದೇ ಪದ. ಅಂಡಾಶಯ, ದೊಡ್ಡ ಕರುಳು, ಅಪೆಂಡಿಕ್ಸ್, ಜಠರದ ಕ್ಯಾನ್ಸರುಗಳು ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಂ ಮೇಲೆ ರಾಗಿಕಾಳಿನಂತೆ ಉದುರಿ ಬೇರೂರುವುದುಂಟು. ರಕ್ತದ ಮೂಲಕ ಬಂದ ಕೀಮೋ ಈ ಪೊರೆಯ ಮೇಲಿನ ಗಂಟುಗಳನ್ನು ಸರಿಯಾಗಿ ಮುಟ್ಟುವುದಿಲ್ಲ. ಅದೇ ತಡೆ ತಿರುಗಿ ನೋಡಿದರೆ ಅನುಕೂಲ: ಹೊಟ್ಟೆಯೊಳಗೆ ನೇರ ಸುರಿದ ಔಷಧ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಾಂದ್ರತೆಯಲ್ಲಿ ಅಲ್ಲೇ ನಿಲ್ಲುತ್ತದೆ. 1979ರಲ್ಲಿ ಅಮೆರಿಕದ ಲೂಯಿವಿಲ್‌ನ ಜಾನ್ ಸ್ಪ್ರಾಟ್, ಹೊಟ್ಟೆ ತುಂಬ ಲೋಳೆ ತುಂಬಿಕೊಳ್ಳುವ ಸ್ಯೂಡೋಮಿಕ್ಸೋಮಾ ಎಂಬ ಅಪರೂಪದ ರೋಗಕ್ಕೆ ಥಿಯೋಟೆಪಾ ಔಷಧವನ್ನು ಬಿಸಿಮಾಡಿ ಹರಿಸಿದ. ಆಮೇಲೆ ವಾಷಿಂಗ್ಟನ್‌ನ ಪಾಲ್ ಶುಗರ್‌ಬೇಕರ್ ರೋಗಗ್ರಸ್ತ ಪೊರೆಯನ್ನೇ ಸುಲಿದು ತೆಗೆಯುವ ಶಸ್ತ್ರಕ್ರಿಯೆಯನ್ನು ಇದಕ್ಕೆ ಜೋಡಿಸಿ ಜಗತ್ತಿನ ಶಸ್ತ್ರವೈದ್ಯರಿಗೆ ಕಲಿಸಿದ.

ಶಸ್ತ್ರಕ್ರಿಯೆ ಆರೆಂಟು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಕಣ್ಣಿಗೆ ಕಾಣುವ ಗಂಟುಗಳನ್ನೆಲ್ಲ ತೆಗೆದ ಮೇಲೆ ಒಳಹೋಗುವ, ಹೊರಬರುವ ನಳಿಕೆಗಳನ್ನು ಇಟ್ಟು, ಪಂಪ್ ಮತ್ತು ಕಾಯಿಸುವ ಯಂತ್ರದ ಮೂಲಕ ಕೆಲವು ಲೀಟರ್ ದ್ರವವನ್ನು 41ರಿಂದ 43 ಡಿಗ್ರಿಯಲ್ಲಿ 30ರಿಂದ 90 ನಿಮಿಷ ಸುತ್ತಿಸುತ್ತಾರೆ. ಬಳಕೆಯಲ್ಲಿರುವ ಔಷಧಗಳು ಮುಖ್ಯವಾಗಿ ಮೈಟೋಮೈಸಿನ್-ಸಿ, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್. ಈ ಹೊತ್ತಿನಲ್ಲಿ ರೋಗಿಯ ಮೈ ಕಾಯದಂತೆ ನೋಡಿಕೊಳ್ಳುವುದು ಅರಿವಳಿಕೆ ವೈದ್ಯರ ಪಾಲಿಗೆ ತಲೆನೋವು. ಸಿಸ್‌ಪ್ಲಾಟಿನ್ ಆದರೆ ಮೂತ್ರಪಿಂಡ ಕಾಯುವುದೂ ಸೇರುತ್ತದೆ. ಔಷಧ ಪೊರೆಯೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಹಾಗಾಗಿ 2.5 ಮಿಲಿಮೀಟರಿಗಿಂತ ದೊಡ್ಡ ಗಂಟು ಉಳಿಸಿದ ಮೇಲೆ ಎಷ್ಟು ಬಿಸಿ ಕೀಮೋ ಸುರಿದರೂ ವ್ಯರ್ಥ. ಹೊಟ್ಟೆಯನ್ನು 13 ಭಾಗ ಮಾಡಿ ಪ್ರತಿ ಭಾಗಕ್ಕೆ 0ಯಿಂದ 3ರವರೆಗೆ ಅಂಕ ಕೊಟ್ಟು, ಒಟ್ಟು 39ರಲ್ಲಿ ಎಷ್ಟು ಬಂತೆಂದು ನೋಡಿ ರೋಗಿಯನ್ನು ಆರಿಸುವ ಪದ್ಧತಿ ಬಂದದ್ದು ಇದಕ್ಕಾಗಿ.

ಹೈಪೆಕ್‌ನ ಪುರಾವೆ ಮಾತ್ರ ಏರಿಳಿತದ್ದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕರುಳು ಕ್ಯಾನ್ಸರಿನ 105 ರೋಗಿಗಳ ಮೇಲೆ ನಡೆದ ಅಧ್ಯಯನ 2003ರಲ್ಲಿ ಬೆರಗು ಹುಟ್ಟಿಸಿತು: ಮಾಮೂಲಿ ಕೀಮೋ ಗುಂಪಿನ ನಡುಮಟ್ಟದ ಬದುಕುಳಿವು 12.6 ತಿಂಗಳು, ಶಸ್ತ್ರಕ್ರಿಯೆ ಮತ್ತು ಹೈಪೆಕ್ ಗುಂಪಿನದು 22.3. ಆದರೆ ಮೊದಲ ಗುಂಪಿಗೆ ಸಂಪೂರ್ಣ ಶಸ್ತ್ರಕ್ರಿಯೆಯೇ ಆಗಿರಲಿಲ್ಲ. ಗೆದ್ದದ್ದು ಚಾಕುವೋ ಕಾವೋ? ಫ್ರಾನ್ಸಿನ ಪ್ರೊಡೀಜ್-7 ಅಧ್ಯಯನ 265 ರೋಗಿಗಳಲ್ಲಿ ಈ ಪ್ರಶ್ನೆಯನ್ನೇ ಕೇಳಿತು. ಎರಡೂ ಗುಂಪಿಗೆ ಸಂಪೂರ್ಣ ಶಸ್ತ್ರಕ್ರಿಯೆ. ಒಂದಕ್ಕೆ ಮಾತ್ರ 43 ಡಿಗ್ರಿಯಲ್ಲಿ 30 ನಿಮಿಷ ಆಕ್ಸಾಲಿಪ್ಲಾಟಿನ್. ಫಲ 41.7 ತಿಂಗಳು, ಹೈಪೆಕ್ ಇಲ್ಲದೆ 41.2. ತಡವಾಗಿ ಕಾಣಿಸಿಕೊಂಡ ಗಂಭೀರ ತೊಂದರೆಗಳು ಹೈಪೆಕ್ ಗುಂಪಿನಲ್ಲೇ ಹೆಚ್ಚು. ಔಷಧದ ಆಯ್ಕೆ ತಪ್ಪಿತು, 30 ನಿಮಿಷ ಸಾಲದು ಎಂದು ಹೈಪೆಕ್ ಪರವಾಗಿರುವವರು ವಾದಿಸುತ್ತಾರೆ. ವಾದದಲ್ಲಿ ಹುರುಳಿರಬಹುದು, ಆದರೆ ಕರುಳು ಕ್ಯಾನ್ಸರಿನಲ್ಲಿ ಎಲ್ಲರಿಗೂ ಹೈಪೆಕ್ ಎಂಬ ಉತ್ಸಾಹ ಅಲ್ಲಿಗೆ ಇಳಿಯಿತು.

ಅಂಡಾಶಯದ ಕ್ಯಾನ್ಸರಿನ ಕಥೆ ಬೇರೆ. ನೆದರ್ಲೆಂಡ್ಸ್‌ನಲ್ಲಿ ಮೂರನೇ ಹಂತದ ರೋಗವಿದ್ದ 245 ಮಹಿಳೆಯರಿಗೆ ಮೊದಲು ಮೂರು ಸುತ್ತು ಕೀಮೋ, ಆಮೇಲೆ ಶಸ್ತ್ರಕ್ರಿಯೆ. ಅರ್ಧದಷ್ಟು ಜನರಿಗೆ ಶಸ್ತ್ರಕ್ರಿಯೆಯ ಕೊನೆಯಲ್ಲಿ 40 ಡಿಗ್ರಿಯ ಸಿಸ್‌ಪ್ಲಾಟಿನ್. 2018ರಲ್ಲಿ ಬಂದ ಫಲಿತಾಂಶದಲ್ಲಿ ಹೈಪೆಕ್ ಪಡೆದವರ ನಡುಮಟ್ಟದ ಬದುಕುಳಿವು 45.7 ತಿಂಗಳು, ಉಳಿದವರದು 33.9. ಸುಮಾರು ಒಂದು ವರ್ಷದ ಅಂತರ. ಇದರಲ್ಲೂ ಒಂದು ತಕರಾರು ಉಳಿದಿದೆ: ಹೋಲಿಕೆಯ ಗುಂಪಿಗೆ ಹೊಟ್ಟೆಯೊಳಗೆ ತಣ್ಣನೆಯ ಸಿಸ್‌ಪ್ಲಾಟಿನ್ ಸಹ ಕೊಟ್ಟಿರಲಿಲ್ಲ. ಆ ಒಂದು ವರ್ಷ ತಂದುಕೊಟ್ಟದ್ದು ಕಾವೋ, ಹೆಚ್ಚುವರಿ ಔಷಧವೋ ಎಂಬುದು ಈ ಅಧ್ಯಯನದಿಂದ ತೀರ್ಮಾನವಾಗುವುದಿಲ್ಲ.

ಕಾವಿನ ಪಾಲನ್ನು ಚೊಕ್ಕವಾಗಿ ಬೇರ್ಪಡಿಸಿ ತೋರಿಸಿದ್ದು ಮ್ಯೂನಿಕ್‌ನ ರೋಲ್ಫ್ ಇಸೆಲ್ಸ್ ಮುಂದಾಳುತನದ ಅಧ್ಯಯನ. ಸ್ನಾಯು, ಕೊಬ್ಬು ಮೊದಲಾದ ಮೃದು ಅಂಗಾಂಶಗಳ ಸಾರ್ಕೋಮಾ ಇದ್ದ 341 ರೋಗಿಗಳು. ಎಲ್ಲರಿಗೂ ಡಾಕ್ಸೊರುಬಿಸಿನ್, ಐಫಾಸ್ಫಮೈಡ್, ಎಟೊಪೊಸೈಡ್ ಎಂಬ ಮೂರು ಔಷಧಗಳು. ಅರ್ಧ ಜನರಿಗೆ ಮಾತ್ರ ಪ್ರತಿ ಸುತ್ತಿನ ಮೊದಲ ಮತ್ತು ನಾಲ್ಕನೆಯ ದಿನ ಗೆಡ್ಡೆಗೆ ಒಂದು ಗಂಟೆ 42 ಡಿಗ್ರಿಯ ಗುರಿಯಿಟ್ಟ ಕಾವು. ಗೆಡ್ಡೆ ಗಮನಾರ್ಹವಾಗಿ ಕುಗ್ಗಿದವರು ಶೇ 12.7ರಿಂದ ಶೇ 28.8ಕ್ಕೆ ಏರಿದರು. 2018ರಲ್ಲಿ ಪ್ರಕಟವಾದ ದೀರ್ಘಾವಧಿಯ ಲೆಕ್ಕದಲ್ಲಿ ಐದು ವರ್ಷ ಬದುಕಿದವರು ಶೇ 62.7, ಕಾವಿಲ್ಲದ ಗುಂಪಿನಲ್ಲಿ ಶೇ 51.3, ಹತ್ತು ವರ್ಷಕ್ಕೆ 52.6 ಮತ್ತು 42.7. ಔಷಧ ಅದೇ, ಪ್ರಮಾಣ ಅದೇ, ಬದಲಾದದ್ದು ಕಾವು ಮಾತ್ರ. ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಗುವುದು ಕಷ್ಟ.

ಮೂತ್ರಕೋಶ ಕಾಯಿಸಲು ಹೇಳಿಮಾಡಿಸಿದಂಥ ಅಂಗ: ಟೊಳ್ಳು ಚೀಲ, ಒಳಗೆ ಹೋಗಲು ದಾರಿ. ಇಟಲಿಯ ಕೊಲಂಬೊ ತಂಡ 83 ರೋಗಿಗಳಲ್ಲಿ ಮೈಟೋಮೈಸಿನನ್ನು ಕಾವಿನ ಜೊತೆ ಮತ್ತು ಕಾವಿಲ್ಲದೆ ಕೊಟ್ಟು ಹೋಲಿಸಿತು. ಹತ್ತು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಶೇ 53, ಕಾವಿಲ್ಲದವರಲ್ಲಿ ಶೇ 15. ಬಿಸಿಜಿ ಚಿಕಿತ್ಸೆ ವಿಫಲವಾದವರ ಮೇಲೆ ನಡೆದ ಬ್ರಿಟನ್ನಿನ ಹಿಮ್ನ್ ಅಧ್ಯಯನ 2019ರಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಒಳಪದರದಲ್ಲಿ ಹರಡಿಕೊಂಡ ಬಗೆಯ ರೋಗವಿದ್ದವರಿಗೆ ಫಲ ಇನ್ನೂ ಕೆಟ್ಟದಾಗಿತ್ತು. ಅದೇ ಅಂಗ, ಅದೇ ಔಷಧ. ರೋಗದ ಹಂತ ಬದಲಾದರೆ ಉತ್ತರವೂ ಬದಲು.

ಕಾವು ತಗಲಿದಾಗ ಮಾತ್ರ ಬಿರಿಯುವ ಕೊಬ್ಬಿನ ಗುಳ್ಳೆಗಳಲ್ಲಿ ಔಷಧ ತುಂಬಿ ಕಳಿಸುವ ಉಪಾಯವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು. ಸುಮಾರು 40 ಡಿಗ್ರಿಯಲ್ಲಿ ಡಾಕ್ಸೊರುಬಿಸಿನ್ ಚೆಲ್ಲುವ ಥರ್ಮೊಡಾಕ್ಸ್ ಇದರ ಫಲ. ಪಿತ್ತಜನಕಾಂಗದ ಕ್ಯಾನ್ಸರಿನ 701 ರೋಗಿಗಳ ದೊಡ್ಡ ಅಧ್ಯಯನದಲ್ಲಿ 2013ರಲ್ಲಿ ಅದು ಗುರಿ ಮುಟ್ಟಲಿಲ್ಲ. ಅಲ್ಲಿ ಕಾವು ಕೊಟ್ಟದ್ದು ಗೆಡ್ಡೆ ಸುಡುವ ಸೂಜಿಯಿಂದ. ಎಷ್ಟು ಹೊತ್ತು ಕಾಯಿಸಬೇಕೆಂಬ ಕಟ್ಟುಪಾಡು ಇರಲಿಲ್ಲ. ಕಾಯಿಸುವ ಹೊತ್ತನ್ನು ಕಟ್ಟುನಿಟ್ಟು ಮಾಡಿ ನಡೆಸಿದ ಎರಡನೆಯ ಪ್ರಯತ್ನವೂ ಫಲಿಸಲಿಲ್ಲ. ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ಗೆಡ್ಡೆಗೆ ಚುಚ್ಚಿ ಪರ್ಯಾಯ ಕಾಂತಕ್ಷೇತ್ರದಲ್ಲಿ ಕಾಯಿಸುವ ಜರ್ಮನಿಯ ವಿಧಾನಕ್ಕೆ ಮೆದುಳಿನ ಗೆಡ್ಡೆಗಳಿಗಾಗಿ 2010ರಲ್ಲಿ ಯೂರೋಪಿನ ಪರವಾನಗಿ ಸಿಕ್ಕಿತು. ಭಾರತದ ಪ್ರಯೋಗಾಲಯಗಳಲ್ಲೂ ಇಂಥ ಕಣಗಳ ಮೇಲೆ ಕೆಲಸ ನಡೆದಿದೆ, ಬಹುಪಾಲು ಇನ್ನೂ ಕೋಶ ಮತ್ತು ಇಲಿಗಳ ಮಟ್ಟದಲ್ಲಿ.

ಕರ್ನಾಟಕದಲ್ಲಿ ರೋಗಿಗೆ ನಿಜವಾಗಿ ಸಿಗುವುದು ಮುಖ್ಯವಾಗಿ ಹೈಪೆಕ್. 2010ರ ದಶಕದಲ್ಲಿ ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯಲ್ಲಿ ಎಸ್.ಪಿ. ಸೋಮಶೇಖರ್ ಮತ್ತು ಸಂಗಡಿಗರು ಇದನ್ನು ಕ್ರಮಬದ್ಧವಾಗಿ ನಡೆಸಿ ಫಲಿತಾಂಶಗಳನ್ನು ಪ್ರಕಟಿಸಿದರು. ಆ ನಂತರ ರಾಜ್ಯದ ಬೇರೆ ಆಸ್ಪತ್ರೆಗಳಿಗೂ ಅದು ಹಬ್ಬಿತು. ಕೊಡಗಿನ ರೋಗಿಗೆ ಇದೆಲ್ಲ ಘಟ್ಟದಿಂದಾಚೆಗಿನ ಮಾತು. ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿದೆಯಾದರೂ ಇಂಥ ಶಸ್ತ್ರಕ್ರಿಯೆಗೆ ಬೇಕಾದ ತಂಡ ದೊಡ್ಡ ಕ್ಯಾನ್ಸರ್ ಕೇಂದ್ರಗಳದೇ ಸೊತ್ತು. ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ 140, 1973ರಿಂದ ನಾಡಿನ ಬಡರೋಗಿಗಳ ಆಸರೆಯಾದ ಕಿದ್ವಾಯಿ ಸಂಸ್ಥೆ ಇರುವ ಬೆಂಗಳೂರಿಗೆ 260ರ ಆಸುಪಾಸು. ಜಿಲ್ಲೆಯಲ್ಲಿ ರೈಲಿಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ-ಮಂಗಳೂರು ಹೆದ್ದಾರಿ ಜೋಡುಪಾಲದ ಬಳಿ ಕೊಚ್ಚಿಹೋದಾಗ ಆ ದಾರಿಯೂ ತಿಂಗಳುಗಟ್ಟಲೆ ಸರಿಯಾಗಿ ತೆರೆದಿರಲಿಲ್ಲ.

ಈ ದೂರಕ್ಕೂ ಚಿಕಿತ್ಸೆಯ ಬಗೆಗೂ ಸಂಬಂಧವಿದೆ. ಹೈಪೆಕ್ ಒಂದೇ ಸಲದ್ದು. ಎರಡು-ಮೂರು ವಾರ ಆಸ್ಪತ್ರೆಯಲ್ಲಿದ್ದು ಊರಿಗೆ ಮರಳಿದರೆ ಮುಂದಿನ ಮಾಮೂಲಿ ಕೀಮೋವನ್ನು ಹತ್ತಿರದಲ್ಲೇ ಪಡೆಯಬಹುದು. ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ-ಕೇರ್ ಕೀಮೋ ಕೊಡುವ ರಾಜ್ಯ ಸರ್ಕಾರದ ಯೋಜನೆಯ ಲೆಕ್ಕಾಚಾರವೂ ಇಂಥದೇ. ಸಾರ್ಕೋಮಾಕ್ಕೆ ಮ್ಯೂನಿಕ್‌ನಲ್ಲಿ ಕೊಟ್ಟಂಥ ಕಾವು ಹಾಗಲ್ಲ. ಎಂಟು ಸುತ್ತು, ಪ್ರತಿ ಸುತ್ತಿಗೆ ಎರಡು ಸಲ, ಅಂದರೆ ತಿಂಗಳುಗಟ್ಟಲೆ ಯಂತ್ರದ ಬಳಿಗೆ ಓಡಾಟ. ಕಾವೂ ಔಷಧವೂ ಒಂದೇ ಹೊತ್ತಿಗೆ ಸೇರಬೇಕಾದ್ದರಿಂದ ಕೀಮೋ ಮಡಿಕೇರಿಯಲ್ಲಿ, ಕಾವು ಬೆಂಗಳೂರಿನಲ್ಲಿ ಎಂದು ಹಂಚಿಕೊಳ್ಳಲೂ ಬರುವುದಿಲ್ಲ. ಖರ್ಚಿನ ಮಾತು ಬಂದರೆ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಖಾಸಗಿ ಆಸ್ಪತ್ರೆಯ ಹೈಪೆಕ್ ಬಿಲ್ಲು ಹಲವು ಲಕ್ಷ ಮುಟ್ಟುವಂಥದು.

ಕಾವಿನ ಹೆಸರಿನಲ್ಲಿ ಮಾರಾಟವಾಗುವ ಬೇರೆ ಸರಕುಗಳೂ ಮಾರುಕಟ್ಟೆಯಲ್ಲಿವೆ: ಅತಿಗೆಂಪು ಕಿರಣದ ಹೊದಿಕೆ, ಉಗಿಕೋಣೆ, ಬಿಸಿ ಮಣ್ಣಿನ ಲೇಪ. ಮೈ ಬೆವರಬಹುದು, ಚರ್ಮ ಕೆಂಪಾಗಬಹುದು. ಚರ್ಮದಡಿಯ ರಕ್ತ ಬಿಸಿಯನ್ನು ಹೊತ್ತೊಯ್ಯುವುದರಿಂದ ಹೊಟ್ಟೆಯಾಳದ ಗೆಡ್ಡೆಗೆ 42 ಡಿಗ್ರಿ ಇವುಗಳಿಂದ ತಲುಪುವುದಿಲ್ಲ, ತಲುಪಿತೇ ಎಂದು ಅಳೆಯುವವರೂ ಅಲ್ಲಿರುವುದಿಲ್ಲ. ಕೀಮೋ ನಡೆಯುತ್ತಿರುವ ರೋಗಿಯ ಬಿಳಿ ರಕ್ತಕಣಗಳು ಇಳಿದಿರುವಾಗ ಮೈಕಾವು 38 ಡಿಗ್ರಿ ದಾಟಿದರೆ ಅದನ್ನು ಸೋಂಕಿನ ಸೂಚನೆಯೆಂದು ಹಿಡಿದು ತಡಮಾಡದೆ ಆಸ್ಪತ್ರೆಗೆ ಕರೆತರಬೇಕು ಎಂಬುದು ಕ್ಯಾನ್ಸರ್ ವಾರ್ಡುಗಳ ನಿಯಮ. ಆ ಜ್ವರವನ್ನು ಗೆಡ್ಡೆ ಕರಗಿಸುವ ಕಾವೆಂದು ಮನೆಯಲ್ಲೇ ಕಾಯಗೊಡುವಂತಿಲ್ಲ.